ರಂಗೋಲಿ ಬೆನ್ನಿನ ಇಸ್ಪೀಟು

ನಮ್ಮ ಪ್ರೆಸ್ಸಿನ ಯಜಮಾನರ ಹೆಬ್ಬೆರಳ ಉಗುರು ಯಾವಾಗಲೂ ನೀಲಿ. ಇಸ್ಪೀಟು ಎಲೆಯ ಬೆನ್ನು ಒಣಗಿತೋ ಇಲ್ಲವೋ ಎಂದು ಅದೇ ಉಗುರಿನಿಂದ ಕೆರೆದು ನೋಡುತ್ತಿದ್ದರು. ಆ ಶಾಯಿ ಊಟದ ಹೊತ್ತಿಗೂ ಹೋಗುತ್ತಿರಲಿಲ್ಲ.

ಮಂಡ್ಯದ ಆ ಪ್ರೆಸ್ಸಿನಲ್ಲಿ ಮದುವೆ ಪತ್ರಿಕೆಯೂ ಆಗುತ್ತಿತ್ತು, ಬಿಲ್ ಪುಸ್ತಕವೂ ಆಗುತ್ತಿತ್ತು. ಅವರಿಗೆ ಮಾತ್ರ ಇಸ್ಪೀಟಿನದೇ ಹುಚ್ಚು. ಯುಗಾದಿ ಬಂತೆಂದರೆ ಅಂಗಡಿಯವರು, ಸಂಘದವರು ತಮಗೆ ಬೇಕಾದ ಚಿತ್ರ ಹಾಕಿಸಿ ಎಲೆ ಮಾಡಿಸಿಕೊಳ್ಳುತ್ತಿದ್ದರು. ಯಾರು ಬರೆದ ಚಿತ್ರವಾದರೂ ಯಜಮಾನರು ತಲೆಕೆಳಗು ಮಾಡಿಯೇ ನೋಡುವುದು. ತಿರುಗಿಸಿದರೂ ಹಾಗೇ ಕಾಣಬೇಕು. ಇಲ್ಲದಿದ್ದರೆ ಕೆಲವು ಎಲೆ ತಿರುಗಿಸಿಟ್ಟು ಗುರುತು ಹಿಡಿಯುವವರಿರುತ್ತಾರೆ. ತಾವು ಒಂದು ದಿನವೂ ಆಡಿದವರಲ್ಲ. "ಅಡುಗೆ ಭಟ್ರೇ ಪಂಕ್ತೀಲಿ ಕೂತ್ರೆ ಬಡಿಸೋರು ಯಾರಮ್ಮ?" ಎನ್ನುತ್ತಿದ್ದರು.

ಹಲಗೂರಿನಿಂದ ಬಸ್ಸಿನಲ್ಲಿ ನಿಂತೇ ಓಡಾಡಿ ಓದಿದವಳು ನಾನು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಕಂಪ್ಯೂಟರಿನಲ್ಲಿ ಎಲೆಯ ಬೆನ್ನು ಬರೆಯುವ ಕೆಲಸ ಕೊಟ್ಟವರು ಅವರೇ. ಊರಿನವರು ನಕ್ಕರು. ನಮ್ಮ ತಾತ ಯುಗಾದಿ ಆಟದಲ್ಲಿ ಜೋಡೆತ್ತು ಸೋತಿದ್ದರು. ಅಂದಿನಿಂದ ಮನೆಯೊಳಗೆ ಇಸ್ಪೀಟು ಬಂದಿರಲಿಲ್ಲ. ಒಂದು ದಿನ ಅಪ್ಪ ಪ್ರೆಸ್ಸಿಗೇ ಬಂದುಬಿಟ್ಟರು.

"ಬ್ಯಾಗ್ ತಕಾ, ನಡಿ. ನಿನ್ನ ಓದ್ಸಿದ್ದು ಇಸ್ಪೀಟ್ ಮಾಡಕಲ್ಲ."

"ಕುಂತ್ಕಳಿ ಗೌಡ್ರೇ, ಈಗ ಯಾವ ಬಸ್ಸೂ ಇಲ್ಲ," ಎಂದ ಯಜಮಾನರು, ಆಗಷ್ಟೇ ಕತ್ತರಿಸಿದ ಎಲೆಗಳನ್ನು ಅವರ ಮುಂದೆ ಬೆನ್ನು ಮೇಲಾಗಿ ಹರಡಿದರು. ನಾನು ಬರೆದ ಚುಕ್ಕಿ ರಂಗೋಲಿ.

ಅಪ್ಪನ ಸಿಟ್ಟು ಇನ್ನೂ ಏರಿತು. "ನಿಮ್ಮವ್ವ ಬಾಗ್ಲಿಗೆ ಬುಡೋದಲ್ವಾ ಇದು? ಇದ್ನೂ ಜೂಜಿಗೆ ಆಕ್ಬುಟ್ಯಾ?"

"ಬೈಯೋದು ಆಮೇಲೆ ಬೈಯೋರಂತೆ. ಇದ್ರ ತಲೆ ಯಾವ ಕಡೆ ಹೇಳಿ ನೋಡನ."

ಅಪ್ಪ ಒಂದೊಂದೇ ಎಲೆ ತಿರುಗಿಸಿದರು, ಓರೆ ಮಾಡಿ ಬೆಳಕಿಗೆ ಹಿಡಿದರು. "ಗೊತ್ತಾಗಕಿಲ್ಲ."

"ಯಾರ್ಗೂ ಗೊತ್ತಾಗ್ಬಾರ್ದು. ನಾವು ಬ್ಯಾಡ ಅಂದ್ರೆ ಆಡೋರು ಬುಡ್ತಾರಾ ಗೌಡ್ರೇ? ಮೋಸ ನಡೀದಂಗೆ ನೋಡ್ಕಳೋದು ನಿಮ್ಮ ಮಗಳ ಕೆಲ್ಸ."

ಅಪ್ಪ ಎಲೆಗಳನ್ನು ಒಟ್ಟುಮಾಡಿ ಮೇಜಿನ ಮೇಲಿಟ್ಟರು. "ನಮ್ಮಪ್ಪನ್ನ ಸೋಲ್ಸಿದ್ದು ಗುರ್ತಿನ್ ಎಲೇಲೇ ಕಣ್ ಸ್ವಾಮಿ," ಎಂದರು. ಆಮೇಲೆ ನನ್ನ ಬ್ಯಾಗನ್ನು ತಾವೇ ಕುರ್ಚಿಗೆ ತಗುಲಿಹಾಕಿ ಒಬ್ಬರೇ ಬಸ್‌ಸ್ಟ್ಯಾಂಡಿಗೆ ಹೊರಟರು.

ಹೋದ ವರ್ಷ ಯಜಮಾನರು ತೀರಿಕೊಂಡರು. ತಿಥಿ ಊಟ ಮುಗಿಸಿ, ಮುಚ್ಚಿದ ಪ್ರೆಸ್ಸಿನ ಬಾಗಿಲು ನೋಡುತ್ತಾ ಅಪ್ಪ ಕೇಳಿದರು, "ಇನ್ ಎಂಗವ್ವಾ ನಿನ್ ಕೆಲ್ಸ?"

ಯಜಮಾನರ ಹೆಂಡತಿ ಬೆಳಿಗ್ಗೆ ಕೊಟ್ಟಿದ್ದ ಬೀಗದಕೈ ತೋರಿಸಿದೆ. "ನೀನೇ ನಡ್ಸು ಅಂದವ್ರೆ ಅಪ್ಪ. ಯಜಮಾನ್ರೂ ಅಂಗೇ ಏಳಿ ಓಗಿದ್ರಂತೆ."

"ಸದ್ಯ," ಎಂದು ಅಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟರು. "ತಗಿ ಬಾಗ್ಲ. ಯುಗಾದಿ ಅತ್ರ ಬಂತು."