ಮೇಷ್ಟರ ವಸಡು

ನಮ್ಮ ಮಿಡಿಗೇಶಿಯ ಪಿ.ಟಿ. ಮೇಷ್ಟ್ರು ರುದ್ರಪ್ಪನವರು ಊದಿ ತೆಗೆದ ವಿಸಲ್ಲಿನ ತುದಿ ಕೆಂಪಗಿರುತ್ತಿತ್ತು. ಎಲೆಅಡಿಕೆ ಮುಟ್ಟಿದವರಲ್ಲ ಅವರು. ಅದು ವಸಡಿನ ರಕ್ತ. ಕರವಸ್ತ್ರದಲ್ಲಿ ಒರೆಸಿ ಮತ್ತೆ ಊದುತ್ತಿದ್ದರು. ಕೇಳಿದರೆ, "ಉಷ್ಣ ಕಣಮ್ಮ, ಎಳ್ನೀರು ಕುಡುದ್ರೆ ಸರಿ ಹೋಯ್ತದೆ" ಎನ್ನುತ್ತಿದ್ದರು. ರಕ್ತ ಬರುತ್ತದೆಂದು ಆ ಜಾಗ ಉಜ್ಜುವುದನ್ನೇ ಬಿಟ್ಟಿದ್ದರು. ಕಾಲಿನಿಂದಲೋ ಕೈಯಿಂದಲೋ ದಿನಾ ರಕ್ತ ಸುರಿದಿದ್ದರೆ ಮನೆಯವರು ಹೌಹಾರುತ್ತಿದ್ದರು. ಬಾಯಿಂದ ಬಂದರೆ ಮಾತ್ರ ಎಳನೀರು! ನೆನೆದರೆ ಈಗಲೂ ಮೈ ಉರಿಯುತ್ತದೆ.

ಮನುಷ್ಯ ಮಾತ್ರ ಬಂಗಾರ. ನಿವೃತ್ತರಾದ ಮೇಲೂ ಬೆಳಗಾದರೆ ಬೆಟ್ಟದ ಬುಡದಲ್ಲಿ ಹುಡುಗಿಯರಿಗೆ ಕೊಕ್ಕೊ ಆಡಿಸುತ್ತಿದ್ದರು. ಬೀಡಿ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ, ಹೊಟ್ಟೆ ಇಲ್ಲ. "ಉಸ್ರು ಹಿಡ್ಕಂಡು ಓಡ್ಬ್ಯಾಡ್ರೇ, ಬುಟ್ಕಂಡು ಓಡ್ರೇ!" ಎಂಬ ಅವರ ಕೂಗು ಬಸ್ ನಿಲ್ದಾಣದವರೆಗೂ ಕೇಳುತ್ತಿತ್ತು. ನಾನೂ ಹಾಗೆ ಕೂಗಿಸಿಕೊಂಡು ಓಡಿದವಳೇ.

ಒಮ್ಮೆ ಹಟ ಹಿಡಿದು ಮಧುಗಿರಿಗೆ, ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಕೆ ಕೆಳಗಿನ ಹಲ್ಲುಗಳ ಬುಡದಲ್ಲಿ ಗಟ್ಟಿಯಾಗಿ ಕಟ್ಟಿದ್ದ ಕೊಳೆಯನ್ನೆಲ್ಲ ಕೆರೆದು ತೆಗೆದು, ಮೇಲಿನವಕ್ಕೆ ಇನ್ನೊಮ್ಮೆ ಬರಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ನಾಲಿಗೆಯಿಂದ ತಡವಿ ತಡವಿ ಗಾಬರಿಯಾದರು.

"ಅಯ್ಯೋ, ಹಲ್ಲು ಹಲ್ಲಿಗೂ ಸಂದಿ ಬಿದ್ದೈತಲ್ಲಮ್ಮಾ! ಗಾರೆ ಕಿತ್ತಾಕ್ಬುಟ್ಟವ್ರೆ. ಇನ್ನು ನಿಲ್ತವಾ ಹಲ್ಲು?"

"ಅದು ಗಾರೆ ಅಲ್ಲ ಸಾ, ಕೊಳೆ."

ಊರಲ್ಲಿ ಇಳಿದರೆ ಟೀ ಅಂಗಡಿಯಲ್ಲಿ ಅವರ ಗೆಳೆಯ ಈರಣ್ಣ ಕೂತಿದ್ದ. "ಕ್ಲೀನ್ ಮಾಡ್ಸುದ್ರೆ ಹಲ್ಲು ಸಡ್ಲ ಆಗೋಯ್ತವೆ ಮೇಷ್ಟ್ರೇ. ನಮ್ಮತ್ತೆಗೆ ಆಗ್ಲಿಲ್ವಾ?" ಎಂದುಬಿಟ್ಟ. ಮುಗಿಯಿತು. ಡಾಕ್ಟರ ಓದಿಗಿಂತ ಈರಣ್ಣನ ಅತ್ತೆ ದೊಡ್ಡವಳಾದಳು. ಮೇಲಿನ ದವಡೆ ಹಾಗೇ ಉಳಿಯಿತು.

ಮುಂದೆ ಎದೆನೋವು ಬಂದು ತುಮಕೂರಿನಲ್ಲಿ ಸ್ಟೆಂಟ್ ಹಾಕಿದರು. ಅಲ್ಲಿನ ಹೃದಯದ ಡಾಕ್ಟರು ಟಾರ್ಚ್ ಬಿಟ್ಟು ಬಾಯಿ ನೋಡಿದರು. "ವಸಡಿನ ರೋಗಾಣುಗಳು ರಕ್ತಕ್ಕೆ ಸೇರ್ತವೆ. ಎಷ್ಟೋ ಹೃದ್ರೋಗಿಗಳ ಗಟ್ಟಿಯಾದ ರಕ್ತನಾಳದ ಒಳಗೂ ಅವು ಸಿಕ್ಕಿವೆ. ಅದರಿಂದಲೇ ನಿಮಗೆ ಹೀಗಾಯ್ತು ಅಂತ ಹೇಳೋಕಾಗಲ್ಲ, ಆದರೆ ಎರಡಕ್ಕೂ ನಂಟಿದೆ. ಇದನ್ನ ಹೀಗೆ ಬಿಡಬೇಡಿ. ಸ್ಟೆಂಟ್ ಹಾಕಿ ಸ್ವಲ್ಪ ದಿನ ಕಳೀಲಿ, ನಾನು ಹೇಳಿದ ಮೇಲೆ ಹಲ್ಲು ಕ್ಲೀನ್ ಮಾಡಿಸಿ" ಎಂದರು. ಅದುವರೆಗೆ ಎಷ್ಟು ಆರೋಗ್ಯ ಶಿಬಿರಗಳಲ್ಲಿ ಅವರ ಬಿ.ಪಿ. ನೋಡಿದ್ದರು, ಇ.ಸಿ.ಜಿ. ತೆಗೆದಿದ್ದರು! ಒಬ್ಬರಾದರೂ "ಆ ಅನ್ನಿ" ಎನ್ನಲಿಲ್ಲ. ಹಲ್ಲು ಒಂದು ಇಲಾಖೆಯಂತೆ, ಹೃದಯ ಇನ್ನೊಂದು ಇಲಾಖೆಯಂತೆ! ಎರಡಕ್ಕೂ ಹರಿಯುವುದು ಒಂದೇ ರಕ್ತ ಎನ್ನುವುದು ಯಾರಿಗೂ ಹೊಳೆಯಲಿಲ್ಲವೇ?

ಕೊನೆಯ ಸಲ ಜಗಲಿಯ ಮೇಲೆ ಸಿಕ್ಕಿದ್ದರು. "ಎದೇಗೇ ಸ್ಟೆಂಟ್ ಹಾಕಿಸ್ಕಂಡೋನು ಹಲ್ಲಿಗೆ ಹೆದ್ರುಕಂತೀನಾ? ಡಾಕ್ಟ್ರು ಯಾವಾಗ ಹೂಂ ಅಂತಾರೋ ಆವಾಗ ಹೋಗಾನ. ಈರಣ್ಣಂಗೆ ಮಾತ್ರ ಹೇಳ್ಬ್ಯಾಡ ಕಣಮ್ಮ" ಎಂದು ನಕ್ಕರು. ಡಾಕ್ಟರು ಹೂಂ ಅನ್ನುವ ಮೊದಲೇ ಎದೆನೋವು ಮತ್ತೆ ಬಂತು. ಈ ಸಲ ಆಸ್ಪತ್ರೆ ಮುಟ್ಟಲಿಲ್ಲ.

ಮೇಷ್ಟ್ರ ದೇಹವನ್ನು ಅಂಗಳದಲ್ಲಿ ಕೂರಿಸಿದ್ದರು. ಹಾರ ಸರಿಮಾಡುತ್ತಿದ್ದ ಈರಣ್ಣ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದ: "ನೋಡ್ರಪ್ಪಾ, ಈ ವಯಸ್ಸಲ್ಲೂ ಒಂದ್ ಹಲ್ಲು ಬೀಳ್ದಂಗೆ ಹೋದ್ರು."

ನನಗೆ ತಡೆಯಲಾಗಲಿಲ್ಲ. "ಹಲ್ಲೆಲ್ಲಾ ಅವೆ ಕಣಣ್ಣಾ, ಮೇಷ್ಟ್ರೆಲ್ಲಿ?" ಎಂದು ಸಾವಿನ ಮನೆಯಲ್ಲೇ ಕಿರುಚಿದೆ.