ನೋಟೀಸಿನ ಮೊದಲ ಸಾಲು

ಪೊಲೀಸ್ ಆ್ಯಕ್ಷನ್ ಆದ ವರ್ಷ ಬಿದ್ದು ನನ್ನ ಬಲದೋಳಿನ ಎಲುಬು ಮುರಿಯಿತು. ಕಟ್ಟು ಬಿಚ್ಚಿದ ಮೇಲೂ ಕೈ ಹೆಗಲಿಗಿಂತ ಮೇಲೇಳಲಿಲ್ಲ. ಸೀರೆ ನೇಯುವುದು ನಿಂತೇಹೋಗಿತ್ತು. ಆಗ ಕನ್ನಡ ಜಿಲ್ಲೆಗೆ ಸೇರಿದ್ದ ಗದ್ವಾಲದ ದವಾಖಾನೆಯ ಕಂಪೌಂಡರು ದಿನಾ ಗೋಡೆಯ ಮೇಲೆ ಬೆರಳು ನಡೆಸುತ್ತ ಕೈ ಏರಿಸಲು ಹೇಳಿದರು.

“ನಾನೇನು ಹಲ್ಲಿ ಏನ್ರಿ?” ಎಂದೆ.

ಅವರು ಗೋಡೆಯ ಮೇಲೆ ಎತ್ತರದಲ್ಲಿ ಅಂಟಿಸಿದ್ದ ಕನ್ನಡ ನೋಟೀಸು ತೋರಿಸಿದರು. “ಹೋಗ್ಲಿ ಬಿಡ್ರಿ ಅಮ್ಮ. ಅದನ್ನರ ಓದಾಕ ಬರ್ತೈತೇನು?”

ಶಾಲೆ ಕಾಣದೆ ಓದು ಕಲಿತವಳು ನಾನು. ಅಕ್ಷರದ ಕೆಳಗೆ ಬೆರಳಿಟ್ಟರೇ ಓದು ಸಾಗುವುದು. ಸಿಟ್ಟಿನಿಂದ ಮೊದಲ ಸಾಲಿಗೆ ಬೆರಳಿಟ್ಟು ಗಟ್ಟಿಯಾಗಿ ಓದಿದೆ.

“ಯಾವ ಕೈ ಎತ್ತೀರಿ, ನೋಡ್ಕೋರಿ,” ಎಂದರು.

ಬಲಗೈ. ಕಣ್ಣು ತುಂಬಿ ಎರಡನೇ ಸಾಲು ಕಾಣಲೇ ಇಲ್ಲ. ನನಗೆ ಒಂದೇ ಸಾಲು ಓದಲು ಬರುತ್ತದೆಂದು ಕಂಪೌಂಡರು ತಿಳಿದಾರೆಂದು ಮರುದಿನ ಹೋಗಿ ಪೂರ್ತಿ ಓದಿ ಬಂದೆ.