ಊಟ ಮಾಡಿ ಬಂದ ಪುಸ್ತಕ

ಹಂಪಾಪುರದ ಗ್ರಂಥಾಲಯದ ಮೇಡಂ ಮಕ್ಕಳು ಹಿಂತಿರುಗಿಸಿದ ಪುಸ್ತಕವನ್ನು ಮೊದಲು ಸೆರಗಿನಿಂದ ಒರೆಸಿ, ಆಮೇಲೆ ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಸಾರಿನ ಕಲೆಯೋ ಅರಿಶಿನದ ಬೆರಳಚ್ಚೋ ಕಂಡರೆ ಬೈಯುತ್ತಿರಲಿಲ್ಲ. "ಊಟ ಮಾಡ್ಕಂಡು ಬಂದದೆ ಬುಡಿ" ಎಂದು ನಗುತ್ತಾ ಕಪಾಟಿಗೆ ಸೇರಿಸುತ್ತಿದ್ದರು. ಹೊಸದರಂತೆ ಹೊಳೆಯುವ ಪುಸ್ತಕ ಕಂಡರೇ ಅವರಿಗೆ ಬೇಸರ. "ಪಾಪ, ಉಪಾಸ ಅದೆ."

ಊರೂರು ಅಲೆದು ಪದಗಳನ್ನು ಕೂಡಿಹಾಕಿದ ಹಿರಿಯರೊಬ್ಬರ ಜೀವನಕಥೆ ಮಕ್ಕಳಿಗಾಗಿ ಅಚ್ಚಾಗಿತ್ತು. ಅದಕ್ಕೆ ಚಿತ್ರ ಬಿಡಿಸಿದವಳು ನಾನು. ಒಂದು ಪ್ರತಿಯನ್ನು ಹೆಮ್ಮೆಯಿಂದಲೇ ಮೇಡಂಗೆ ಕೊಟ್ಟಿದ್ದೆ. ಕೆಲವು ತಿಂಗಳ ಬಳಿಕ ಹೋದಾಗ ಅವರೇ ಒಂದು ಪುಟ ತೆರೆದು ತೋರಿಸಿದರು. ಆ ಪದಪ್ರೇಮಿ ಜಗಲಿಯ ಮೇಲೆ ಕೂತು ಹಳ್ಳಿಯವರ ಮಾತಿಗೆ ಕಿವಿಗೊಟ್ಟಿರುವ ಚಿತ್ರವದು. ನಾನು ಖಾಲಿ ಬಿಟ್ಟಿದ್ದ ಜಾಗದಲ್ಲಿ ಯಾರೋ ನೀಲಿ ಪೆನ್ನಿನಿಂದ ಒಬ್ಬ ಮುದುಕಿಯನ್ನು ಕೂರಿಸಿದ್ದರು. ಅವಳ ಕೈಗಳು ಕಾಲಿಗಿಂತ ಉದ್ದ! ನನಗೆ ರೇಗಿಹೋಯಿತು.

"ಕಾಡಂಚಿನ ಗಿರಿಜನ್ರ ಹಾಡಿ ಹುಡ್ಗಿ ಬರ್ದಿರದು ಕಣ್ರೀ" ಎಂದರು ಮೇಡಂ. "ಅವ್ಳಜ್ಜಿಯಂತೆ. 'ನಮ್ಮಜ್ಜಿಗೂ ಬೋ ಮಾತು ಗೊತ್ತು, ಅವ್ಳನ್ಯಾಕೆ ಕೇಳ್ನಿಲ್ಲ ಇವ್ರು' ಅಂದ್ಳು."

ನಾನು ಸುಮ್ಮನಿರಲಾರದೆ, "ಇದನ್ನ ಕೊಡಿ ಮೇಡಂ, ಹೊಸ ಪ್ರತಿ ಕಳಿಸ್ತೀನಿ" ಎಂದೆ.

ಅವರು ಪುಸ್ತಕವನ್ನು ಎದೆಗವಚಿಕೊಂಡರು.

"ಬ್ಯಾಡ ಬುಡಿ. ಹೊಸದ್ರಲ್ಲಿ ಅಜ್ಜಿ ಇರಾಕಿಲ್ವಲ್ಲ."